ಕಪಾಟು ಹೊರುವವರ ವಿಮೆ

ಇಂಥದೊಂದು ಸಂಗತಿಯನ್ನು ಕಥೆ ಎಂದು ಕರೆದು ಹತ್ತು ಜನರ ಮುಂದೆ ಇಡುವುದಕ್ಕೆ ಧೈರ್ಯ ಬೇಕು. ಆ ಧೈರ್ಯ ಇಲ್ಲಿ ಅಷ್ಟಾಗಿ ಇಲ್ಲವೆಂದು ಮೊದಲೇ ಒಪ್ಪಿಕೊಂಡು, ಓದುವವರ ಕ್ಷಮೆ ಕೇಳಿ ಶುರು ಮಾಡುವುದು ಮರ್ಯಾದೆ. ಇದರಲ್ಲಿ ಯುದ್ಧವಿಲ್ಲ, ಕೊಲೆಯಿಲ್ಲ. ಪ್ರೇಮ ಇದೆ, ಆದರೆ ಅದು ಮದುವೆಯಾಗಿ ತುಂಬ ಹಳತಾದದ್ದು. ಮುಖ್ಯವಾಗಿ ಇರುವುದು ಒಂದು ಮರದ ಕಪಾಟು. ಅದೊಂದು ದಿನ ದೊಡ್ಡ ಕಟ್ಟಡದ ಗೇಟಿನ ಮುಂದೆ ಬಿಸಿಲಲ್ಲಿ ನಿಂತಿತ್ತು. ಕಪಾಟು ನಿಲ್ಲದೆ ಇನ್ನೇನು ಮಾಡೀತು ಎಂದು ಯಾರಾದರೂ ಕೇಳಿದರೆ ಉತ್ತರವಿಲ್ಲ. ಆದರೂ ಅದರ ಸುತ್ತ ನಿಂತಿದ್ದವರನ್ನು ನೆನೆದರೆ ಸುಮ್ಮನಿರಲು ಮನಸ್ಸಾಗುವುದಿಲ್ಲ. ಹೆಚ್ಚುಕಡಿಮೆಯಾದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ಕಪಾಟಿನ ಒಡೆಯರನ್ನು ಎಲ್ಲರೂ ಜಾಗ್ರತೆರಾಯರು ಎಂದು ಕರೆಯುತ್ತಿದ್ದರು. ಬಸ್ ಡಿಪೋದಲ್ಲಿ ಕಳೆದುಹೋದ ವಸ್ತುಗಳ ಕೋಣೆಗೆ ಅವರು ಗುಮಾಸ್ತರಾಗಿದ್ದರು. ಜನ ಬಸ್ಸಿನಲ್ಲಿ ಮರೆತು ಇಳಿದುಹೋದ ಕೊಡೆಗಳು, ಚೀಲಗಳು, ಒಂಟಿ ಚಪ್ಪಲಿಗಳು, ಒಮ್ಮೆ ಕಾಗದದಲ್ಲಿ ಸುತ್ತಿಟ್ಟ ಒಂದು ಹಲ್ಲಿನ ಸೆಟ್ಟು, ಇವುಗಳ ನಡುವೆ ಅವರ ನೌಕರಿ ಕಳೆಯಿತು. ಲೋಕದ ಮರೆವನ್ನೆಲ್ಲ ಕಣ್ಣಾರೆ ಕಂಡಿದ್ದರಿಂದ "ಜಾಗ್ರತೆ" ಎಂಬ ಮಾತು ಅವರಿಗೆ ಉಸಿರಿನ ಜೊತೆಯಲ್ಲೇ ಬರುತ್ತಿತ್ತು. ಹೊಸ ದಂಪತಿಗೆ ಆಶೀರ್ವಾದ ಮಾಡುವಾಗಲೂ "ಜಾಗ್ರತೆ" ಎಂದುಬಿಡುತ್ತಿದ್ದರು. ಅನುಭವಸ್ಥರು ಪಕ್ಕದಲ್ಲಿ ನಿಂತು ತಲೆಯಾಡಿಸುತ್ತಿದ್ದರು.

ಅದೇ ಡಿಪೋದಲ್ಲಿ ಅವರಿಗೆ ಮೂವರು ಜೀವದ ಗೆಳೆಯರು. ಒಬ್ಬ ಡ್ರೈವರ್. ಅವನ ಗಂಟಲು ಹಾರ್ನಿಗೇ ಸವಾಲು ಹಾಕುವಂಥದ್ದು. ಇನ್ನೊಬ್ಬ ಕಂಡಕ್ಟರ್. ನಿವೃತ್ತಿಯಾದ ಮೇಲೂ ಕೊರಳಲ್ಲಿ ಸೀಟಿ ಇಲ್ಲದೆ ಮನೆಯಿಂದ ಹೊರಗೆ ಕಾಲಿಡದವನು. ಮೂರನೆಯವನು ಫಿಟ್ಟರ್. ಮದುವೆಯಾಗದೆ ಅಕ್ಕನ ಜೊತೆ ಇದ್ದವನು. ಮಾತು ಬೇಕೇಬೇಕಾದಾಗ ಮಾತ್ರ ಆಡುವವನು, ಬೇಕೇಬೇಕು ಎಂದು ಅವನಿಗೆ ಅನ್ನಿಸುತ್ತಿದ್ದದ್ದು ಅಪರೂಪ.

ಈ ನಾಲ್ವರಲ್ಲಿ ಒಂದು ಕಟ್ಟಳೆಯಿತ್ತು. ಯಾರು ಮನೆ ಬದಲಿಸಿದರೂ ಉಳಿದ ಮೂವರೇ ಸಾಮಾನು ಹೊರಬೇಕು, ಹೊರಗಿನ ಆಳನ್ನು ಕರೆಯುವಂತಿಲ್ಲ. ಮನೆ ಬದಲಿಸುವವನು ಮಾತ್ರ ಒಂದು ಕಡ್ಡಿಯನ್ನೂ ಎತ್ತಬಾರದು. ಮೊದಲು ಹೊರಗೆ ಬಂದ ಕುರ್ಚಿಯನ್ನು ಬೀದಿಯಲ್ಲಿ ಹಾಕಿಸಿಕೊಂಡು, ಅದರ ಮೇಲೆ ಕುಳಿತು, ಎಲ್ಲದಕ್ಕೂ "ಜಾಗ್ರತೆ" ಎನ್ನುತ್ತಿರಬೇಕು. ಈ ಕೊನೆಯ ಕಲಮು ಯಾರ ಅನುಕೂಲಕ್ಕಾಗಿ ಸೇರಿತೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇದೆಲ್ಲ ಶುರುವಾದದ್ದು ರಾಯರ ಮದುವೆಯಲ್ಲಿ. ಮೂವರೂ ಸೇರಿ ಕನ್ನಡಿ ಬಾಗಿಲಿನ ಒಂದು ಕಪಾಟನ್ನು ಉಡುಗೊರೆ ಕೊಟ್ಟರು. ಅದನ್ನು ಡಿಪೋಗೆ ಮರಳುವ ಖಾಲಿ ಬಸ್ಸಿನ ಮೇಲೆ ಅಂಗಾತ ಮಲಗಿಸಿ, ಹಗ್ಗ ಕಟ್ಟಿ, ಕೆಳಗೆ ಮದುಮಗಳನ್ನು ಕಿಟಕಿ ಪಕ್ಕ ಕೂರಿಸಿದರು. ಕಂಡಕ್ಟರ್ ಮದುಮಗಳಿಗೆ ಟಿಕೆಟ್ ಬೇಡವೆಂದ. ಕಪಾಟಿಗೆ ಮಾತ್ರ ಲಗೇಜು ಟಿಕೆಟ್ ಹರಿದುಕೊಟ್ಟ. ದಾರಿಯುದ್ದಕ್ಕೂ ಮಹಡಿ ಮನೆಗಳ ಜನ ಕಿಟಕಿಯಿಂದ ಬಗ್ಗಿ, ಕೆಳಗಿನ ಬೀದಿಯಲ್ಲಿ ಒಂದಿಷ್ಟು ಆಕಾಶವೂ ತಮ್ಮ ಮುಖವೂ ಹಾದುಹೋಗುವುದನ್ನು ನೋಡಿದರು. ಆ ಹೊತ್ತಿನ ಬೆಳಕನ್ನು ರಾಯರ ಹೆಂಡತಿ ಈಗಲೂ ವರ್ಣಿಸುತ್ತಾರೆ. ರಾಯರಿಗೆ ನೆನಪಿರುವುದು ಹಗ್ಗದ ಗಂಟು ಸ್ವಲ್ಪ ಸಡಿಲವಿತ್ತೆಂಬುದು.

ಆಮೇಲೆ ಎಷ್ಟೋ ಮನೆಗಳು ಬದಲಾದವು. ಮಗಳು ಹುಟ್ಟಿದಾಗ ತೊಟ್ಟಿಲು ಸಮೇತ ಒಂದು ಸಲ. ಡ್ರೈವರನ ಮನೆಯೊಡೆಯ ಜಗಳವಾಡಿದಾಗ ಒಂದು ಸಲ. ಆಗ ಸಾಮಾನಿನ ಜೊತೆ ಮನೆಯೊಡೆಯನ ಬಾಗಿಲೂ ಬಂದುಬಿಟ್ಟು, ಅದನ್ನು ಹಿಂದಿರುಗಿಸಲು ಮತ್ತೆ ಹೊರಬೇಕಾಯಿತು. ಬರಬರುತ್ತ ಎಲ್ಲರೂ ಒಂದೊಂದು ಮನೆಯಲ್ಲಿ ಬೇರುಬಿಟ್ಟರು. ವರ್ಷಗಳು ಉರುಳಿದರೂ ಯಾರೂ ಅಲುಗಲಿಲ್ಲ. ಫಿಟ್ಟರ್ ಒಮ್ಮೆ, ಏನೂ ಕಾರಣವಿಲ್ಲದೆ, "ನಾವು ಮನೆ ಬದಲಿಸೋಣವೇನಕ್ಕ?" ಎಂದು ಕೇಳಿದನಂತೆ. "ನಿನ್ನನ್ನೇ ಬದಲಿಸ್ತೀನಿ" ಎಂದರಂತೆ ಅಕ್ಕ.

ಹೀಗಿರುವಾಗ ರಾಯರ ಹೆಂಡತಿಗೆ ಮಂಡಿನೋವು ಬಂತು. ಮೆಟ್ಟಿಲ ಮೇಲಿನ ಹಳೆಯ ಬಾಡಿಗೆ ಮನೆ ಬಿಟ್ಟು, ಲಿಫ್ಟಿರುವ ದೊಡ್ಡ ಕಟ್ಟಡದ ಮೂರನೇ ಮಹಡಿಗೆ ಹೋಗುವುದೆಂದು ತೀರ್ಮಾನವಾಯಿತು. ಮಂಡಿನೋವಿನ ಸುದ್ದಿ ಕೇಳಿ ಮೂವರು ಗೆಳೆಯರ ಮುಖ ಅರಳಿದ್ದನ್ನು ಆಕೆ ಮರೆತಿಲ್ಲ.

"ಅಯ್ಯೋ ಪಾಪ ಅತ್ತಿಗೆ!" ಎಂದ ಡ್ರೈವರ್, ಬಾಯಿತುಂಬ ನಗುತ್ತ. "ಯಾವತ್ತು ಎತ್ತೋಣ?"

ಅಂದಿನಿಂದಲೇ ತಯಾರಿ. ಕಂಡಕ್ಟರ್ ಸೀಟಿಯನ್ನು ಬಿಸಿನೀರಲ್ಲಿ ತೊಳೆದ. ಡ್ರೈವರ್ ಹಳೇ ಖಾಕಿ ಅಂಗಿಯನ್ನು ಮಡಿಸಿ ಹೆಗಲಿಗೆ ಮೆತ್ತೆ ಹೊಲಿಸಿದ. ಫಿಟ್ಟರ್ ಹಗ್ಗವನ್ನು ಬಿಸಿಲಿಗೆ ಹಾಕಿ ಪಕ್ಕದಲ್ಲೇ ಕುಳಿತ. ಇದು ತಮ್ಮ ಕೊನೆಯ ಸಾಗಾಟವೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳದಿದ್ದರೂ ಗೊತ್ತಿತ್ತು. ಆದ್ದರಿಂದಲೇ ಈ ಕಪಾಟನ್ನು ಬೇರೆ ಯಾರೂ ಮುಟ್ಟಬಾರದು, ಈ ಮೂವರೇ ಹೊರಬೇಕೆಂಬುದು ರಾಯರ ಜೀವದಾಸೆಯಾಯಿತು.

ಮನೆ ಸೇರುವ ವಾರ ರಾಯರು ಹೊಸ ಕಟ್ಟಡದ ಆಫೀಸಿಗೆ ಹೋದರು. ಅಲ್ಲಿನ ಮ್ಯಾನೇಜರ್ ಸೌಮ್ಯ ಮನುಷ್ಯ, ಆದರೆ ಗೋಡೆಗಳೆಂದರೆ ಅವರಿಗೆ ಹೆತ್ತ ಮಕ್ಕಳಿದ್ದಂತೆ. ಹೊಸದಾಗಿ ಸುಣ್ಣಬಣ್ಣವಾಗಿತ್ತು. ಯಾರಾದರೂ ಗೋಡೆಗೆ ಒರಗಿ ನಿಂತರೆ ಮ್ಯಾನೇಜರರ ಮುಖ ಹಿಂಡಿದಂತಾಗುತ್ತಿತ್ತು.

"ನಿಮ್ಮ ಮೂವರ್ಸ್, ಸಾಮಾನು ಸಾಗಿಸೋರು, ಯಾರು ಸರ್?" ಎಂದರು ಮ್ಯಾನೇಜರ್.

"ನಮ್ಮವರೇ."

"ನಮ್ಮವರು ಅಂದ್ರೆ? ಯಾವ ಕಂಪನಿ?"

ಗೆಳೆಯರು ಎಂದು ಹೇಳಲು ಅದೇ ಸರಿಯಾದ ಹೊತ್ತಾಗಿತ್ತು. ಆದರೆ ರಾಯರಿಗಿಂತ ಮುಂಚೆ ನಿಂತಿದ್ದ ಬೂಟಿನ ಮನುಷ್ಯ, ಐದನೇ ಮಹಡಿಗೆ ಬರುವವನು, ಉದ್ದನೆಯ ಕಂಪನಿ ಹೆಸರೊಂದನ್ನು ಠೀವಿಯಿಂದ ಹೇಳಿ ಹೋಗಿದ್ದ. ಅದರ ಹಿಂದೆಯೇ "ನನ್ನ ಗೆಳೆಯರು" ಎಂದರೆ ತೇಪೆ ಹಾಕಿದ ಅಂಗಿ ತೊಟ್ಟು ನಿಂತಂತೆ ಕಾಣುತ್ತದೆಂದು ರಾಯರಿಗೆ ಅನ್ನಿಸಿಬಿಟ್ಟಿತು.

"ಹಳೇ ಕಂಪನಿ ಸ್ವಾಮಿ. ಸಾರಿಗೆಯವರು. ಬಹಳ ಅನುಭವ ಇದೆ. ಅವರು ಎಲ್ಲರಿಗೂ ಮಾಡಿಕೊಡಲ್ಲ. ಆಯ್ದ ನಾಲ್ಕು ಮನೆಗೆ ಮಾತ್ರ."

"ಓಹೋ!" ಮ್ಯಾನೇಜರ್ ನೆಟ್ಟಗೆ ಕುಳಿತರು. "ಅಂಥವರಿಗೆ ಇನ್ಶೂರೆನ್ಸ್ ಇದ್ದೇ ಇರತ್ತೆ."

"ಇಲ್ಲದೆ ಇರುತ್ತಾ? ಒಬ್ಬೊಬ್ಬರಿಗೂ ಇದೆ."

"ಒಬ್ಬೊಬ್ಬರಿಗೂ! ಬಹಳ ಸಂತೋಷ. ಶನಿವಾರ ಬರುವಾಗ ಅದರ ಪುರಾವೆ ತಂದುಬಿಡಿ. ಪುರಾವೆ ಇಲ್ಲದೆ ಗೇಟು ತೆಗೆಯೋ ಹಾಗಿಲ್ಲ, ಸಾಮಾನಿನ ಲಿಫ್ಟಿನ ಬೀಗನೂ ತೆಗೆಯೋ ಹಾಗಿಲ್ಲ. ಇಲ್ಲ ಅಂದ್ರೆ ಯೋಚನೆ ಬೇಡ, ನಾನೇ ಬೇರೆ ಕಂಪನಿಯವರನ್ನ ಕರೆಸ್ತೀನಿ. ನಿಮ್ಮವರು ಗೇಟಿನ ಹೊರಗೆ ಇಳಿಸಿ ಹೋದ್ರೆ ಸಾಕು."

ಗೇಟಿನ ಹೊರಗೆ ಇಳಿಸಿ ಹೋಗುವುದು! ರಾಯರು ಮನೆಗೆ ಬಂದು ಹೆಂಡತಿಯ ಮುಂದೆ ಎಲ್ಲವನ್ನೂ ಹೇಳಿಕೊಂಡರು.

"ರೀ, ಇದ್ದದ್ದನ್ನ ಇದ್ದ ಹಾಗೆ ಹೇಳಿ ಕಾಗದ ಕೇಳಿ" ಎಂದರು ಆಕೆ.

"ಹೇಗೆ ಹೇಳೋದೇ? ನಿಮ್ಮನ್ನ ಗೇಟೊಳಗೆ ಬಿಡೋಕೆ ಪುರಾವೆ ಬೇಕಂತೆ ಅನ್ನಲಾ? ಡ್ರೈವರ್ ನೊಂದುಕೊಂಡು ಊಟ ಬಿಟ್ಟುಬಿಡ್ತಾನೆ."

"ಅವರಾ? ಊಟಾನಾ?"

ಆದರೆ ರಾಯರು ಆಗಲೇ ನಿರ್ಧರಿಸಿದ್ದರು. ಹೊರುವವರ ವಿಮೆಯೆಂದರೆ ಹೊರುವವರ ಜೀವವಿಮೆಯಲ್ಲದೆ ಇನ್ನೇನು? ಭಾರ ಎತ್ತುವಾಗ ಆಗಬಾರದ್ದು ಆದರೆ ಮನೆಯವರ ಗತಿಯೇನೆಂದು ಕಟ್ಟಡದವರು ಯೋಚಿಸಿದ್ದಾರೆ, ಒಳ್ಳೆಯ ಜನ ಎಂದು ಅವರಿಗೆ ಮೆಚ್ಚುಗೆಯೂ ಆಯಿತು. ಗೆಳೆಯರಿಗೆ ಗೊತ್ತಾಗದಂತೆ ಅವರವರ ಮನೆಯಿಂದ ಕಾಗದ ತಂದರೆ ಯಾರ ಮನಸ್ಸೂ ನೋಯುವುದಿಲ್ಲ. ಇಲ್ಲಿಂದ ಮುಂದೆ ನೊಂದ ಮನಸ್ಸುಗಳ ಲೆಕ್ಕ ಇಡುವುದು ಕಷ್ಟ.

ಕಂಡಕ್ಟರ್ ಸಂಜೆ ತಿರುಗಾಡಲು ಹೋಗಿದ್ದ ಹೊತ್ತು ನೋಡಿ ರಾಯರು ಅವನ ಮನೆಗೆ ಹೋದರು. ಕಂಡಕ್ಟರನ ಹೆಂಡತಿ ಚಹಾ ತಂದರು. ರಾಯರು ಬೇಡವೆಂದರು. ಆ ಮನೆಯಲ್ಲಿ ಅವರು ಚಹಾ ಬೇಡವೆಂದದ್ದು ಅದೇ ಮೊದಲು. ಆಕೆ ಲೋಟವನ್ನು ಕೆಳಗಿಟ್ಟು ಎದುರಿಗೇ ಕುಳಿತರು.

"ಅತ್ತಿಗೆ, ಒಂದು ವಿಷಯ. ಅವನಿಗೆ ಹೇಳಬೇಡಿ."

"ಏನಣ್ಣ?"

"ಅವನ ಹೆಸರಲ್ಲಿ ಜೀವವಿಮೆ ಏನಾದ್ರೂ ಇದೆಯಾ?"

"ಇದೆ. ಯಾಕಣ್ಣ?"

"ಏನಿಲ್ಲ, ಏನಿಲ್ಲ. ಮುಂಜಾಗ್ರತೆ. ಆ ಕಾಗದ ನನ್ನ ಹತ್ರ ಇದ್ರೆ ಒಳ್ಳೇದು."

"ಡಾಕ್ಟ್ರು ಏನಾದ್ರೂ ಹೇಳಿದ್ರಾ?"

"ಡಾಕ್ಟ್ರಿಗೂ ಇದಕ್ಕೂ ಏನೂ ಸಂಬಂಧ ಇಲ್ಲಮ್ಮ," ಎಂದರು ರಾಯರು. ನಿಜವನ್ನೇ ಹೇಳಿದರು. ಆದರೆ ಹೇಳುವಾಗ ಎದುರಿನ ಗೋಡೆಯ ಮೇಲೆ ಡಿಪೋದ ಹಳೇ ಫೋಟೋ ಕಂಡಿತು. ಅದರಲ್ಲಿ ಕಂಡಕ್ಟರ್ ಬಸ್ಸಿನ ಮೆಟ್ಟಿಲ ಮೇಲೆ ಒಂದೇ ಕಾಲಿಟ್ಟು ನಗುತ್ತಿದ್ದ, ತಲೆತುಂಬ ಕೂದಲು. ರಾಯರ ಕಣ್ಣು ಒದ್ದೆಯಾಯಿತು. ಡಾಕ್ಟರೂ ಕೈಬಿಟ್ಟಿದ್ದಾರೆಂದು ಆಕೆಗೆ ಖಚಿತವಾಯಿತು.

ಡ್ರೈವರನ ಹೆಂಡತಿ ಲಗ್ನಪತ್ರಿಕೆ ಬಂದರೂ ಅಳುವಂಥವರು. ರಾಯರು ಜೀವ ಎನ್ನುವಷ್ಟರಲ್ಲೇ ಸೆರಗು ಕಣ್ಣಿಗೆ ಹೋಗಿತ್ತು. ವಿಮೆ ಎನ್ನುವ ಹೊತ್ತಿಗೆ ಆಕೆ ಪೆಟ್ಟಿಗೆಯ ಮುಂದೆ ಕುಳಿತಿದ್ದರು. ಡ್ರೈವರನ ಪಾಲಿಸಿ, ಅವನ ಎದೆಯ ಹಳೇ ಎಕ್ಸ್‌ರೇ, ಸ್ಕೂಟರಿನ ಇನ್ಶೂರೆನ್ಸ್, ಎಲ್ಲವನ್ನೂ ರಾಯರ ಮಡಿಲಿಗೆ ಸುರಿದರು. ಸ್ಕೂಟರಿನದನ್ನೂ ರಾಯರು ಜೇಬಿಗಿಟ್ಟುಕೊಂಡರು. ಇರಲಿ, ಯಾವುದಕ್ಕೂ.

ಫಿಟ್ಟರನ ಅಕ್ಕ ಅಳುವ ಪೈಕಿ ಅಲ್ಲ. ಕಾಗದ ತಂದುಕೊಟ್ಟು, ಕನ್ನಡಕ ತೆಗೆದು, ಒಂದೇ ಮಾತು ಕೇಳಿದರು.

"ಯಾವತ್ತು?"

"ಶನಿವಾರ," ಎಂದರು ರಾಯರು. "ಬೆಳಿಗ್ಗೆನೇ ಮುಗಿಸಿಬಿಡೋಣ ಅಂತ."

ಅಕ್ಕ ನಿಧಾನವಾಗಿ ಕುಳಿತುಕೊಂಡರು.

ಇಂಥ ದುಃಖವನ್ನು ಗಂಡನಿಗೆ ಹೇಳುವಂತಿಲ್ಲ, ಹೊಟ್ಟೆಯಲ್ಲಿಟ್ಟುಕೊಳ್ಳಲೂ ಆಗುವುದಿಲ್ಲ. ಕಂಡಕ್ಟರನ ಹೆಂಡತಿ ಡ್ರೈವರನ್ನು ಕರೆದು, "ಅಣ್ಣ, ಇವರ ಜೊತೆ ಸ್ವಲ್ಪ ಇರಿ, ಇನ್ನು ಹೆಚ್ಚು ದಿನ ಇಲ್ಲವಂತೆ" ಎಂದರು. ಡ್ರೈವರನ ಹೆಂಡತಿ ಫಿಟ್ಟರನ ಮುಂದೆ ತಮ್ಮ ಗಂಡನ ವಿಷಯ ಹೇಳಿ ಅತ್ತರು. ಫಿಟ್ಟರನ ಅಕ್ಕ ಕಂಡಕ್ಟರನ್ನು ಬೀದಿಯಲ್ಲೇ ನಿಲ್ಲಿಸಿ, "ನನ್ನ ತಮ್ಮನಿಗೆ ಶನಿವಾರದವರೆಗೆ ಟೈಮು" ಎಂದರು. ಅಲ್ಲಿಗೆ ಮೂವರಲ್ಲಿ ಒಬ್ಬೊಬ್ಬನಿಗೂ ಇನ್ನೊಬ್ಬ ಸಾಯುವ ಸುದ್ದಿ ತಿಳಿದಿತ್ತು, ತನ್ನದು ಮಾತ್ರ ತಿಳಿದಿರಲಿಲ್ಲ. ಲೋಕದಲ್ಲಿ ಇದು ಹೊಸದೇನಲ್ಲ.

ಆ ವಾರ ಮೂರು ಮನೆಗಳಲ್ಲೂ ಅಡುಗೆ ಚೆನ್ನಾಗಿತ್ತು. ಯಾರೂ ಯಾರನ್ನೂ ಬೈಯಲಿಲ್ಲ. ಡ್ರೈವರ್ ಎಂದೂ ಯಾರಿಗೂ ಮುಟ್ಟಲು ಬಿಡದ ತನ್ನ ರೇಡಿಯೋವನ್ನು ತಂದು ಕಂಡಕ್ಟರನ ಮೇಜಿನ ಮೇಲಿಟ್ಟು, "ನೀನೇ ಇಟ್ಕೋ, ನನಗ್ಯಾಕೆ" ಎಂದ. ಕಂಡಕ್ಟರ್ ಫಿಟ್ಟರನ ಮನೆಗೆ ಹೋಗಿ, ಮಾತಾಡದ ಆ ಮನುಷ್ಯನ ಎದುರು ಎರಡು ತಾಸು ಒಬ್ಬನೇ ಮಾತಾಡಿ ಬಂದ. ಫಿಟ್ಟರ್ ಡ್ರೈವರನ ಸ್ಕೂಟರನ್ನು ಕೇಳದೆಯೇ ಪೂರ್ತಿ ಬಿಚ್ಚಿ ತೊಳೆದು ಜೋಡಿಸಿಕೊಟ್ಟ. ಹಳೇ ಜಗಳಗಳಿಗೆಲ್ಲ ಕ್ಷಮೆ ಸಿಕ್ಕಿತು. ಯಾರಿಗೂ ನೆನಪಿಲ್ಲದ ಜಗಳಗಳಿಗೂ ಸಿಕ್ಕಿತು.

ಶನಿವಾರ ಬೆಳಿಗ್ಗೆ ರಾಯರ ಹಳೇ ಮನೆಯ ಮುಂದೆ ಟೆಂಪೋ ಬಂತು. ಗೆಳೆಯರ ಜೊತೆ ಅವರ ಮನೆಯ ಹೆಂಗಸರೂ ನೀರಿನ ಬಾಟಲಿ ಹಿಡಿದು ಬಂದಿಳಿದರು. ಕಟ್ಟಳೆಯಂತೆ ರಾಯರಿಗೆ ಬೀದಿಯಲ್ಲಿ ಕುರ್ಚಿ ಬಿತ್ತು. ಕೆಲಸ ಶುರುವಾಯಿತು; ಅದನ್ನು ಕೆಲಸವೆಂದು ಕರೆಯುವುದಾದರೆ.

ಕಂಡಕ್ಟರ್ ಒಂದು ದಿಂಬನ್ನು ಎತ್ತಿದ್ದೇ ತಡ, ಡ್ರೈವರ್ ಓಡಿಬಂದು ಕಿತ್ತುಕೊಂಡ.

"ಬಿಡೋ, ನಾನು ತಗೊಂಡು ಹೋಗ್ತೀನಿ."

"ದಿಂಬು ಕಣೋ ಅದು!"

"ದಿಂಬಾದ್ರೇನು, ಭಾರ ಭಾರವೇ. ನೀನು ನೆರಳಲ್ಲಿ ಕೂತ್ಕೋ."

ಆ ದಿಂಬನ್ನು ಡ್ರೈವರನ ಕೈಯಿಂದ ಫಿಟ್ಟರ್ ಕಸಿದುಕೊಂಡು, ಅವನ ರಟ್ಟೆ ಹಿಡಿದು ಕಟ್ಟೆಯ ಮೇಲೆ ಕೂರಿಸಿದ. ಫಿಟ್ಟರನ ಕೈಯಿಂದ ಕಂಡಕ್ಟರ್ ಕಸಿದುಕೊಂಡು, ಅವನ ಹಣೆ ಒರೆಸಿದ. ದಿಂಬು ಹೀಗೆ ಒಂದು ಸುತ್ತು ಬಂದು ಮೊದಲಿದ್ದ ಕೈಗೇ ಸೇರಿತು.

"ಇವರು ಸಾಮಾನು ಸಾಗಿಸ್ತಿದಾರೋ, ಒಬ್ಬರನ್ನೊಬ್ಬರು ಸಾಗಿಸ್ತಿದಾರೋ?" ಎಂದರು ಎದುರುಮನೆಯಾಕೆ, ಕಿಟಕಿಯಿಂದ.

ರಾಯರ ಎದೆ ತುಂಬಿತು. "ನೋಡೇ, ವಯಸ್ಸಾಗ್ತಾ ಆಗ್ತಾ ಸ್ನೇಹ ಹೇಗೆ ಮಾಗಿದೆ!"

"ಮಾಗಿದ್ದು ಅತಿಯಾಗಿ ಕೊಳೀತಾ ಇದೆ ರೀ," ಎಂದರು ಹೆಂಡತಿ. "ಏನೋ ನಡೀತಿದೆ ಇಲ್ಲಿ."

ಅಂತೂ ಮನೆ ಖಾಲಿಯಾಯಿತು, ಬೀಗದ ಕೈ ಮನೆಯೊಡೆಯನಿಗೆ ಸೇರಿತು. ಟೆಂಪೋ ಹೊಸ ಕಟ್ಟಡದ ಗೇಟಿಗೆ ಬಂದು ನಿಂತಿತು. ಮೊದಲು ಕುರ್ಚಿ ಇಳಿಯಿತು, ರಾಯರು ಕುಳಿತರು. ಆಮೇಲೆ ಕಪಾಟು ಇಳಿದು ಗೇಟಿಗೆ ಸರಿಯಾಗಿ ಅಡ್ಡ ನಿಂತಿತು. ಅದರ ಕನ್ನಡಿಯಲ್ಲಿ ವಾಚ್‌ಮನ್ ತನ್ನ ಮೀಸೆ ನೋಡಿಕೊಳ್ಳುತ್ತಿರುವಾಗ ಮ್ಯಾನೇಜರ್ ಬಂದರು. ರಾಯರು ಹೆಮ್ಮೆಯಿಂದ ಮೂರು ಕಾಗದಗಳನ್ನು ಮುಂದಿಟ್ಟರು.

ಮ್ಯಾನೇಜರ್ ಒಂದೊಂದಾಗಿ ನೋಡಿದರು. "ಸರ್, ಇದು ಜೀವವಿಮೆ."

"ಹೌದು. ಮೂವರದೂ ಇದೆ."

"ಇವರು ತೀರಿಕೊಂಡ್ರೆ ಇವರ ಮನೆಯವರಿಗೆ ಬರೋದು."

"ಹೌದು ಹೌದು."

"ನಮ್ಮ ಗೋಡೆಗೆ ಏನು ಬರತ್ತೆ?"

ರಾಯರಿಗೆ ಪ್ರಶ್ನೆ ಅರ್ಥವಾಗಲಿಲ್ಲ. "ಗೋಡೆ ಸಾಯಲ್ಲವಲ್ಲ ಸ್ವಾಮಿ."

"ಗೋಡೆ ಕೆತ್ತಿಹೋದ್ರೆ? ಲಿಫ್ಟು ಕೆಟ್ಟುನಿಂತ್ರೆ? ಆ ನಷ್ಟ ಕಟ್ಟಿಕೊಡೋಕೆ ಸಾಗಿಸೋ ಕಂಪನಿ ಮಾಡಿಸಿರೋ ಇನ್ಶೂರೆನ್ಸ್ ಬೇಕು ಸರ್ ನಮಗೆ. ಇವರು ಬದುಕಿದ್ರೂ ಹೋದ್ರೂ ನಮಗೆ ಅದರಿಂದ ಏನೂ ಇಲ್ಲ."

"ಸ್ಕೂಟರಿಂದೂ ಇದೆ," ಎಂದರು ರಾಯರು ಕ್ಷೀಣ ದನಿಯಲ್ಲಿ, ಜೇಬಿಗೆ ಕೈಹಾಕಿ.

ಅಷ್ಟರಲ್ಲಿ ಕಂಡಕ್ಟರನ ಹೆಂಡತಿ ಮುಂದೆ ಬಂದಿದ್ದರು. "ಅಣ್ಣ, ಇದಕ್ಕಾ? ಈ ಗೇಟಿಗಾ ನೀವು ಅವತ್ತು ಕಾಗದ ಕೇಳಿದ್ದು?"

"ಹೌದಮ್ಮ. ಮತ್ಯಾಕೆ?"

"ಮತ್ಯಾಕೆ ಅಂತೀರಾ! ಇವರು ಸಾಯ್ತಾರೆ ಅಂತ ಒಂದು ವಾರದಿಂದ ನಾನು ನಿದ್ದೆ ಮಾಡಿಲ್ಲ!"

"ಹಾಗಾದ್ರೆ ಇವನು ಸಾಯಲ್ವಾ?" ಎಂದ ಡ್ರೈವರ್, ಕಂಡಕ್ಟರನನ್ನು ತೋರಿಸಿ.

"ನಾನ್ಯಾಕೋ ಸಾಯಲಿ?" ಎಂದ ಕಂಡಕ್ಟರ್. "ಸಾಯೋದು ಫಿಟ್ಟರ್."

"ನಾನಾ?" ಎಂದ ಫಿಟ್ಟರ್. ಆ ವಾರ ಅವನಾಡಿದ ಮೊದಲ ಮಾತು ಅದು. "ಡ್ರೈವರ್ ಅಲ್ವಾ?"

ಮೂವರೂ ಒಬ್ಬರನ್ನೊಬ್ಬರು ಬೆರಳು ಮಾಡಿ ತೋರಿಸಿದರು. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು. ಡ್ರೈವರನ ಹೆಂಡತಿ ಮತ್ತೆ ಅತ್ತರು, ಈ ಸಲ ಸಂತೋಷಕ್ಕೆ. ಕೇಳುವವರಿಗೆ ವ್ಯತ್ಯಾಸ ತಿಳಿಯಲಿಲ್ಲ. ಫಿಟ್ಟರನ ಅಕ್ಕ ಕನ್ನಡಕ ಹಾಕಿಕೊಂಡು ರಾಯರನ್ನು ಮೇಲಿಂದ ಕೆಳಗೆ ನೋಡಿ, "ಶನಿವಾರ ಬೆಳಿಗ್ಗೆ ಮುಗಿಸಿಬಿಡೋಣ ಅಂದಿರಲ್ಲ ನೀವು!" ಎಂದರು.

"ಸಾಮಾನು ಸಾಗಿಸೋದನ್ನ ಅಕ್ಕಾ!"

"ಹಾಗಾದ್ರೆ ನನ್ನ ರೇಡಿಯೋ ವಾಪಸ್ ಕೊಡು," ಎಂದ ಡ್ರೈವರ್ ಕಂಡಕ್ಟರನಿಗೆ.

"ಕೊಟ್ಟದ್ದು ಕೊಟ್ಟಾಯ್ತು. ನಾನು ಬದುಕಿದ್ದು ನನ್ನ ತಪ್ಪಾ?"

"ಯಾರೂ ಸಾಯದೆ ಇರೋದು ಸಂತೋಷವೇ," ಎಂದರು ಮ್ಯಾನೇಜರ್ ಗಡಿಯಾರ ನೋಡುತ್ತ. "ಆದ್ರೆ ಗೇಟು ತೆಗೆಯೋ ಹಾಗಿಲ್ಲ. ಸರ್, ನೀವು ಕಂಪನಿಯವರು ಅಂದಿದ್ರಿ. ಹಳೇ ಕಂಪನಿ, ಎಲ್ಲರಿಗೂ ಮಾಡಿಕೊಡಲ್ಲ ಅಂದಿದ್ರಿ. ಐದನೇ ಮಹಡಿಯವರ ಲಾರಿ ಬರೋ ಹೊತ್ತು, ನಾನು ಲಿಫ್ಟು ನೋಡಿ ಬರ್ತೀನಿ. ಅಷ್ಟರೊಳಗೆ ಈ ಕಪಾಟು ಪಕ್ಕಕ್ಕೆ ಹೋಗಿರಲಿ."

ಅವರು ಒಳಗೆ ಹೋದರು. ಡ್ರೈವರ್ ರಾಯರ ಕುರ್ಚಿಯ ಹತ್ತಿರ ಬಂದ. ಹಾರ್ನಿನಂಥ ಗಂಟಲು ಆಗ ಮೆತ್ತಗಿತ್ತು.

"ಕಂಪನಿ ಅಂದ್ಯಾ ನೀನು? ನಮ್ಮನ್ನ ಗೆಳೆಯರು ಅಂತ ಹೇಳೋಕೆ ನಾಚಿಕೆಯಾಯ್ತಾ?"

ರಾಯರು ಬಾಯಿ ತೆರೆದರು. ಜೀವಮಾನವಿಡೀ ಕೈಗೆ ಸಿಗುತ್ತಿದ್ದ ಒಂದೇ ಮಾತು, ಜಾಗ್ರತೆ, ಅದೂ ಬರಲಿಲ್ಲ. ಕಂಡಕ್ಟರ್ ಬೇರೆ ಕಡೆ ನೋಡಿದ. ಫಿಟ್ಟರ್ ಹಗ್ಗ ಸುತ್ತತೊಡಗಿದ. ಸುತ್ತಿ ಮುಗಿದರೆ ಅವನು ಹೊರಡುತ್ತಾನೆಂದು ರಾಯರಿಗೆ ಗೊತ್ತಿತ್ತು.

ಆಗ ಹಿಂದಿನಿಂದ ಹಳದಿ ಲಾರಿಯೊಂದು ಕಿವಿ ಹರಿಯುವಂತೆ ಹಾರ್ನ್ ಮಾಡಿತು. ಹಳದಿ ಅಂಗಿಯ ಮೇಸ್ತ್ರಿ ಕೆಳಗೆ ಹಾರಿ, "ಯಾರದಪ್ಪಾ ಈ ಕಪಾಟು? ತೆಗೀರಿ! ಮೊದಲೇ ನನ್ನ ಇಬ್ಬರು ಕೈಕೊಟ್ಟಿದಾರೆ!" ಎಂದು ಕೂಗಿದ.

ಮೂವರು ಗೆಳೆಯರೂ ಕಪಾಟಿನ ಹತ್ತಿರ ಹೋದರು. ಕಂಡಕ್ಟರ್ ಎರಡು ಸಲ ಸೀಟಿ ಊದಿದ, "ರೈಟ್!" ಎಂದ. ಕಪಾಟು ನೆಲ ಬಿಟ್ಟಿತು. ಡ್ರೈವರ್ ಹಿಂದೆ ನೋಡದೆ ಹಿಂದೆ ನಡೆದ, ಫಿಟ್ಟರ್ ಹೆಗಲು ಕೊಟ್ಟು ತಿರುಗಿದ; ಮೂವರೂ ಸೇರಿ ಟೆಂಪೋಗೂ ಗೇಟಿನ ಕಂಬಕ್ಕೂ ನಡುವೆ ಅಂಗೈಯಷ್ಟು ಜಾಗ ಬಿಟ್ಟು ಅದನ್ನು ನಿಲ್ಲಿಸಿದರು. ಒಂದು ಸೀಟಿ. "ಹೋಲ್ಡಾನ್!" ಕನ್ನಡಿ ಅಲುಗಲಿಲ್ಲ. ಬಸ್ಸು ಬಸ್‌ಸ್ಟಾಪಿಗೆ ಬಂದು ನಿಂತ ಹಾಗಿತ್ತು.

ಮೇಸ್ತ್ರಿ ಕೂಗುವುದನ್ನು ಬಿಟ್ಟು ಹತ್ತಿರ ಬಂದ. "ಯಾವ ಕಂಪನಿಯವರು ಇವರು?"

ರಾಯರು ಕುರ್ಚಿಯಿಂದ ಎದ್ದರು. "ಕಂಪನಿಯವರಲ್ಲ. ನನ್ನ ಗೆಳೆಯರು. ನನ್ನ ಮದುವೆಯಿಂದ ಇದನ್ನ ಇವರೇ ಹೊತ್ತಿದ್ದು. ಇವತ್ತೂ ಇವರೇ ಹೊರಬೇಕು. ಅದಕ್ಕೆ ಪುರಾವೆ ಇಲ್ಲ ನನ್ನ ಹತ್ರ."

ಫಿಟ್ಟರ್ ಮತ್ತೆ ಕೈಗೆತ್ತಿಕೊಂಡಿದ್ದ ಹಗ್ಗವನ್ನು ಕೆಳಗಿಟ್ಟ. ಡ್ರೈವರ್ ಮೂಗೊರೆಸಿಕೊಂಡು, "ಕೂತ್ಕೊಳ್ಳೋ ನೀನು," ಎಂದ. "ಮನೆ ಬದಲಿಸೋನು ನಿಲ್ಲೋ ಹಾಗಿಲ್ಲ."

ಮೇಸ್ತ್ರಿ ಗೇಟು ನೋಡಿದ, ಕಪಾಟು ನೋಡಿದ, ತನ್ನ ಲಾರಿ ನೋಡಿದ. ಏನು ನಡೆದಿದೆಯೆಂದು ಹೆಂಗಸರು ನಾಲ್ಕು ದನಿಯಲ್ಲಿ ಹೇಳಿದರು. ಅವನಿಗೆ ಎಷ್ಟು ಅರ್ಥವಾಯಿತೋ, ಕೊನೆಗೆ ಹೀಗೆಂದ:

"ನೋಡಿ, ಐದನೇ ಮಹಡಿಗೆ ಒಂದು ಪೂರ್ತಿ ಸಂಸಾರ ಹತ್ತಬೇಕು, ನನಗೆ ಜನ ಸಾಲಲ್ಲ. ನೀವು ಕೈಜೋಡಿಸಿ. ಲಾರೀಲಿ ಅಂಗಿ ಇದೆ. ಅದು ಮೈಮೇಲಿರೋವರೆಗೂ ನೀವು ನಮ್ಮವರು. ನಮ್ಮವರು ಹೊತ್ತದ್ದು ಟ್ರಂಕಾಗಲಿ ಕಪಾಟಾಗಲಿ, ಎಲ್ಲಾ ನಮ್ಮ ಇನ್ಶೂರೆನ್ಸಿನ ಕೆಳಗೆ."

ಇದು ಕಾನೂನಿಗೆ ಎಷ್ಟು ಸರಿಯೋ ಹೇಳಲು ಇಲ್ಲಿ ಯೋಗ್ಯತೆ ಸಾಲದು. ಅಂಗಿಗಳು ಬಂದವು. ಕಂಡಕ್ಟರನಿಗೆ ಹೊಟ್ಟೆಯ ಹತ್ತಿರದ ಗುಂಡಿಗಳು ಸೇರಲೇ ಇಲ್ಲ. ಫಿಟ್ಟರನಿಗೆ ಮಂಡಿಯವರೆಗೆ ಬಂತು.

"ಮದುವೆಗೂ ಇಷ್ಟು ಚೆನ್ನಾಗಿ ಕಾಣಲಿಲ್ಲ ನೀವು," ಎಂದರು ಡ್ರೈವರನ ಹೆಂಡತಿ, ಮತ್ತೆ ಕಣ್ಣೊರೆಸಿಕೊಂಡು.

ಮ್ಯಾನೇಜರ್ ಮರಳಿ ಬಂದರು. ಮೇಸ್ತ್ರಿ ಕಂಪನಿಯ ಇನ್ಶೂರೆನ್ಸ್ ಕಾಗದವನ್ನು ಚಾಚಿದ. ಮ್ಯಾನೇಜರ್ ಅದನ್ನು ಓದಿ, ಸಾಲಾಗಿ ನಿಂತ ಹಳದಿ ಅಂಗಿಗಳನ್ನು ನೋಡಿದರು. ಕೊನೆಯ ಮೂರರ ಹತ್ತಿರ ಬಂದಾಗ ಅವರ ನೋಟ ತುಸು ನಿಂತಿತು.

"ಇವರು?"

"ನಮ್ಮವರು," ಎಂದ ಮೇಸ್ತ್ರಿ.

ಕಂಡಕ್ಟರ್ ಉಸಿರು ಒಳಗೆಳೆದು ಹೊಟ್ಟೆ ಹಿಡಿದುಕೊಂಡಿದ್ದ. ಅವನ ಕೊರಳಲ್ಲಿ ಸೀಟಿ ತೂಗುತ್ತಿತ್ತು.

"ಸರಿ," ಎಂದರು ಮ್ಯಾನೇಜರ್. "ಕಂಪನಿ ಅಂದ್ರೆ ಹೀಗಿರಬೇಕು." ಗೇಟು ತೆರೆಯಿತು.

ಮೊದಲು ಐದನೇ ಮಹಡಿಯವರ ಸಂಸಾರ ಲಿಫ್ಟಿನಲ್ಲಿ ಮೇಲೆ ಹೋಯಿತು. ಬೂಟಿನ ಮನುಷ್ಯ ಬಂದು ನೋಡುವಾಗ, ಅವನ ಸೋಫಾವನ್ನು ಡ್ರೈವರ್ "ಬಾರೋ ರಾಜ, ಬಾ, ಎಡಕ್ಕೆ" ಎಂದು ಮುದ್ದಿಸಿ ಕರೆದೊಯ್ಯುತ್ತಿದ್ದ. ರಾಯರ ಮಂಚ, ಪಾತ್ರೆ, ಪೆಟ್ಟಿಗೆಗಳೂ ಹೋದವು. ಕೊನೆಗೆ ಕಪಾಟಿನ ಸರದಿ. ಅದನ್ನು ಲಿಫ್ಟಿನ ಬಾಗಿಲಿಗೆ ತಂದು ನಿಲ್ಲಿಸಿ, ಫಿಟ್ಟರ್ ಕೈಯಿಂದ ಅಳೆದ.

"ಒಂದು ಗೇಣು," ಎಂದ. ಕಪಾಟು ಲಿಫ್ಟಿಗಿಂತ ಒಂದು ಗೇಣು ದೊಡ್ಡದಿತ್ತು.

ಯಾವ ಲಿಫ್ಟಿಗಾಗಿ ಮೂರು ಮನೆಗಳಲ್ಲಿ ಸಾವಿನ ಛಾಯೆ ಕವಿದಿತ್ತೋ ಆ ಲಿಫ್ಟಿನೊಳಗೆ ಕಪಾಟು ಹಿಡಿಸುವಂತಿರಲಿಲ್ಲ. ರಾಯರು ತಲೆಯ ಮೇಲೆ ಕೈಹೊತ್ತರು. ಗೆಳೆಯರು ಮಾತ್ರ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು.

"ಮೆಟ್ಟಿಲು!" ಎಂದ ಡ್ರೈವರ್. ಹಸಿದವನಿಗೆ ಊಟಕ್ಕೆ ಕರೆದಂತಿತ್ತು ಅವನ ದನಿ.

ಎರಡು ಸೀಟಿ. ಕಪಾಟು ಹೊರಟಿತು. ಡ್ರೈವರ್ ಮೇಲೆ, ಫಿಟ್ಟರ್ ಕೆಳಗೆ, ಪಕ್ಕದಲ್ಲಿ ಹೆಗಲು ಕೊಟ್ಟು ಕಂಡಕ್ಟರ್. ಮೆಟ್ಟಿಲು ತಿರುಗುವಲ್ಲೆಲ್ಲ ಒಂದು ಸೀಟಿ ಊದಿ, ಅವನು ತಾವು ಜೊತೆಯಾಗಿ ಬಸ್ಸು ಓಡಿಸಿದ ಹಳೇ ರೂಟಿನ ಸ್ಟಾಪುಗಳನ್ನು ಒಂದೊಂದಾಗಿ ಕೂಗಿದ.

"ಗಡಿಯಾರ ಕಂಬ! ಗಡಿಯಾರ ಕಂಬ ಇಳಿಯೋರು ಬನ್ನಿ!"

ಗಡಿಯಾರ ಕಂಬವನ್ನು ಕೆಡವಿ ಎಷ್ಟೋ ಕಾಲವಾಗಿತ್ತು. "ರೈಟ್!"

"ಹಳೇ ಸೇತುವೆ! ಮುಂದೆ ಹೋಗಿ, ಮುಂದೆ ಹೋಗಿ, ಒಳಗೆ ಜಾಗ ಇದೆ!"

ಹಳೇ ಸೇತುವೆಯೂ ಈಗಿಲ್ಲ. ಬಾಗಿಲುಗಳು ತೆರೆದವು. ಎರಡನೇ ಮಹಡಿಯ ಮುದುಕರೊಬ್ಬರು ಪೇಪರು ಹಿಡಿದುಕೊಂಡೇ ಹೊರಬಂದು, "ಈ ಬಸ್ಸು ಎಲ್ಲಿಗೆ?" ಎಂದು ಕೇಳಿದರು.

"ಡಿಪೋಗೆ ಯಜಮಾನ್ರೇ, ಹತ್ತೋ ಹಾಗಿಲ್ಲ," ಎಂದ ಡ್ರೈವರ್ ಏದುಸಿರಿನಲ್ಲಿ.

ರಾಯರ ಹೆಂಡತಿ ಲಿಫ್ಟಿನಲ್ಲಿ ಹೋಗಬೇಕಾದವರು. ಹೋಗಲಿಲ್ಲ. ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು, ಕಪಾಟಿನ ಹಿಂದೆಯೇ ಹತ್ತಿದರು. ಅವರ ಹಿಂದೆ "ಜಾಗ್ರತೆ, ಜಾಗ್ರತೆ" ಎನ್ನುತ್ತ ರಾಯರು. ಅದು ಹೆಂಡತಿಗೋ ಕಪಾಟಿಗೋ ಗೆಳೆಯರಿಗೋ ಎಂದು ಯಾರೂ ಕೇಳಲಿಲ್ಲ. ಉಳಿದ ಹೆಂಗಸರು ನೀರಿನ ಬಾಟಲಿ ಹಿಡಿದು, ಬೈಯುತ್ತ, ಹಿಂಬಾಲಿಸಿದರು. ವಾರವಿಡೀ ಬೈಯದೆ ಉಳಿಸಿಕೊಂಡದ್ದೆಲ್ಲ ಆ ಮೆಟ್ಟಿಲ ಮೇಲೆ ಖರ್ಚಾಯಿತು.

ಕೊನೆಯ ತಿರುವಿನಲ್ಲಿ ಕಪಾಟಿನ ಮೂಲೆ ಗೋಡೆಗೆ ತಗುಲಿತು. ಚರ್ರ್ ಎಂದು ಸಣ್ಣ ಸದ್ದು. ಹೊಸ ಬಣ್ಣದ ಮೇಲೆ ಬೆರಳುದ್ದದ ಗೀರು ಕಾಣುತ್ತಿತ್ತು. ಎರಡು ಸೀಟಿ ಊದಿ ಕಂಡಕ್ಟರ್ ಮುಂದೆ ನಡೆಸಿದ.

ಕಪಾಟು ಮನೆಯೊಳಗೆ ನಿಂತ ಮೇಲೆ ಮೂವರೂ ಹಳದಿ ಅಂಗಿಯಲ್ಲೇ ನೆಲದ ಮೇಲೆ ಕಾಲು ಚಾಚಿ, ಅದರ ಕನ್ನಡಿಯಲ್ಲಿ ತಮ್ಮನ್ನು ನೋಡಿಕೊಂಡು ಕುಳಿತರು. ಚಹಾ ಬಂತು. ಈ ಸಲ ರಾಯರು ಬೇಡವೆನ್ನಲಿಲ್ಲ. ಆಗ ಮೆಟ್ಟಿಲ ಮೇಲೆ ಹೆಜ್ಜೆ ಸದ್ದು ಕೇಳಿತು. ಮ್ಯಾನೇಜರ್ ಗೋಡೆ ಸವರಿಕೊಂಡು ಬರುತ್ತಿದ್ದರು. ತೆರೆದ ಬಾಗಿಲಿನಿಂದ ಎಲ್ಲರಿಗೂ ಕಾಣುತ್ತಿತ್ತು. ಅವರ ಕೈ ಕೊನೆಯ ತಿರುವಿಗೆ ಬಂತು, ಗೀರಿನ ಮೇಲೆ ನಿಂತಿತು, ಆಮೇಲೆ ಮುಂದಕ್ಕೆ ಸರಿಯಿತು.

ಅವರು ಬಾಗಿಲಲ್ಲಿ ನಿಂತು ಕೆಮ್ಮಿದರು. "ಸರ್, ಮುಂದಿನ ತಿಂಗಳು ನನ್ನ ತಂಗಿ ಮನೆ ಬದಲಿಸ್ತಿದಾಳೆ. ಅಮ್ಮನ ಕಾಲದ ಒಂದು ದೊಡ್ಡ ಮೇಜಿದೆ. ಯಾರ ಕೈಗೂ ಕೊಡೋಕೆ ಮನಸ್ಸಿಲ್ಲ. ನಿಮ್ಮವರು ಬರ್ತಾರಾ?"

ರಾಯರು ಗೆಳೆಯರ ಕಡೆ ನೋಡಿದರು. "ಯಾವ ನಮ್ಮವರು ಸ್ವಾಮಿ? ಕಂಪನಿಯವರಾ?"

"ನಿಮ್ಮವರು," ಎಂದರು ಮ್ಯಾನೇಜರ್.

"ಅಲ್ಲಿ ಇನ್ಶೂರೆನ್ಸ್...?"

"ಅಲ್ಲಿ ಕೇಳಲ್ಲ ಸರ್," ಎಂದು ಅವರು ಇಳಿದುಹೋದರು.

ಹಳದಿ ಅಂಗಿಯಲ್ಲಿದ್ದ ಆ ಮೂವರನ್ನು ಮ್ಯಾನೇಜರ್ ಗೇಟಿನಲ್ಲೇ ಗುರುತಿಸಿದ್ದರೇ, ಗುರುತಿಸಿಯೇ ಗೇಟು ತೆಗೆಸಿದರೇ? ಗುರುತಿಸಿದ್ದರೆಂದು ಕಂಡಕ್ಟರ್ ಆಣೆಯಿಟ್ಟು ಹೇಳುತ್ತಾನೆ. ಆ ಮನುಷ್ಯ ಗೋಡೆ ಬಿಟ್ಟು ಯಾರ ಮುಖವನ್ನೂ ನೋಡುವವನಲ್ಲ, ಮೇಸ್ತ್ರಿಯ ಜನವೆಂದೇ ತಿಳಿದಿದ್ದನೆಂದು ಡ್ರೈವರ್ ಹೇಳುತ್ತಾನೆ. ಫಿಟ್ಟರ್ ಏನೂ ಹೇಳುವುದಿಲ್ಲ. ರಾಯರು ಕೇಳಿಯೇಬಿಡಬೇಕೆಂದು ಎಷ್ಟೋ ಸಲ ಆ ಆಫೀಸಿನ ಬಾಗಿಲವರೆಗೆ ಹೋಗಿ, ನೀರಿನ ನಲ್ಲಿಯ ವಿಷಯ ಮಾತಾಡಿ ಹಿಂದಿರುಗಿದ್ದಾರೆ. ಆದ್ದರಿಂದ ಅದು ಗೊತ್ತಿಲ್ಲ.